ಗಲ್ಲಿಗೇರಿದವನ ಮುಖದಚ್ಚು

ಹಸಿ ಪ್ಲಾಸ್ಟರಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಕೈ ಹುಬ್ಬಿಗೆ ಹೋಗುತ್ತದೆ.

ನಾನಾಗ ಇನ್ನೂ ಚಿಕ್ಕವಳು. ಮೆಲ್ಬರ್ನಿನಲ್ಲಿ ಕೆಲವು ವರ್ಷ ಇದ್ದು ಬಂದಿದ್ದ ಚಿಕ್ಕಪ್ಪ, ಹ್ಯಾಲೋವೀನ್ ಹಬ್ಬಕ್ಕೆ ಮುಖವಾಡ ಮಾಡಿಕೊಡುತ್ತೇನೆಂದು ಕೆನಡಾದ ಮಿಸಿಸಾಗದಲ್ಲಿದ್ದ ನಮ್ಮ ಮನೆಗೆ ಬಂದರು. ಬೇಸ್‌ಮೆಂಟಿನ ಹಳೆಯ ಸೋಫಾದ ಮೇಲೆ ನನ್ನನ್ನು ಮಲಗಿಸಿ, ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿಗಳನ್ನು ಮುಖಕ್ಕೆ ಅಂಟಿಸಿದರು. ಮೂಗಿನ ಹೊಳ್ಳೆಗಳನ್ನಷ್ಟೇ ಬಿಟ್ಟರು. ತಣ್ಣನೆಯ ಲೋಳೆ ಕಿವಿಯ ಹಿಂದಕ್ಕೆ ಇಳಿಯುತ್ತಿತ್ತು.

“ಆಸ್ಟ್ರೇಲಿಯಾದಲ್ಲಿ ಬ್ರಿಟಿಷರ ಕಾಲ್ದಲ್ಲಿ ಒಬ್ಬ ಡಕಾಯಿತ ಇದ್ದ,” ಎಂದು ಅವರು ಅಪ್ಪನಿಗೆ ಹೇಳುತ್ತಿದ್ದರು. “ನೇಗಿಲಿನ ಕಬ್ಬಿಣದಲ್ಲಿ ಕವಚ ಮಾಡ್ಕೊಂಡು ಪೊಲೀಸ್ರ ಮೇಲೆ ಹೋದ. ಸೂಪರ್‌ಹೀರೋ ಥರ! ಕೊನೆಗೆ ಗಲ್ಲಿಗೆ ಹಾಕಿದ್ರು. ಆಮೇಲೆ ತಲೆ ಬೋಳಿಸಿ, ಹೆಣದ ಮುಖಕ್ಕೆ ಹೀಗೇ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದ್ರು. ಜನ ಮುಗಿಬಿದ್ದು ನೋಡಿದ್ರಂತೆ.”

ನನ್ನ ಕೆನ್ನೆಗೆ ಅಂಟಿದ್ದು ಅವನ ಚರ್ಮವೇ ಅನ್ನಿಸಿತು. ಕೂಗಲು ಬಾಯಿ ತೆರೆಯಲಾಗಲಿಲ್ಲ. ಅಪ್ಪ ನಗುತ್ತಿದ್ದರು.

ಅಮ್ಮ ಮೆಟ್ಟಿಲಿಳಿದು ಬಂದ ಸದ್ದಾಯಿತು. “ಅವನಿಗೆ ತಾಯಿ ಇರ್ಲಿಲ್ವಾ?” ಎಂದು ಕೇಳಿದಳು.

“ಇದ್ರು ಅತ್ತಿಗೆ. ಅವನನ್ನ ಗಲ್ಲಿಗೆ ಹಾಕಿದ ಜೈಲಲ್ಲೇ ಆಗ ಕೈದಿಯಾಗಿದ್ರು. ಕಥೇಲಿ ಅದೇ ಬೆಸ್ಟ್ ಪಾರ್ಟು.”

ಅಮ್ಮನ ಉಗುರು ನನ್ನ ಗದ್ದದ ಕೆಳಗೆ ತೂರಿತು. ಅರ್ಧ ಗಟ್ಟಿಯಾಗಿದ್ದ ಪ್ಲಾಸ್ಟರು ಹುಬ್ಬಿನ ಕೂದಲನ್ನೂ ಕಿತ್ತುಕೊಂಡು ಬಂತು.

“ಅಯ್ಯೋ, ಇನ್ನೂ ಒಣಗಿಲ್ಲ, ಹಾಳಾಗತ್ತೆ!” ಎಂದರು ಚಿಕ್ಕಪ್ಪ.

ಅಮ್ಮ ಲಾಂಡ್ರಿ ಸಿಂಕಿನ ಮುಂದೆ ನನ್ನನ್ನು ನಿಲ್ಲಿಸಿ ಮುಖ ತೊಳೆದಳು. ಬಿಳಿ ನೀರು ಹೋಗಿ ತಿಳಿನೀರು ಬಂದ ಮೇಲೂ ತೊಳೆಯುತ್ತಲೇ ಇದ್ದಳು.