ಕದಲದ ಮುಖ

“ಇಲ್ಲೇ ಬಿಟ್ಟು ಏಳಬೇಕಿತ್ತು ರೀ,” ಎಂದು ಹೆಂಡತಿ ಮೇಜಿನ ಮೇಲಿದ್ದ ಇಸ್ಪೀಟಿನ ರಾಣಿಯನ್ನು ಬೆರಳಿಂದ ತಟ್ಟಿದಳು. ನಿನ್ನೆ ಕ್ಲಬ್ಬಿನಲ್ಲಿ ಸೋತ ಪೋಕರ್ ಆಟವನ್ನು ಅವನು ತಿಂಡಿಯ ತಟ್ಟೆಗಳ ನಡುವೆ ಎಲೆ ಎಲೆಯಾಗಿ ಮತ್ತೆ ಹರಡಿದ್ದ. ಎದುರಾಳಿಯ ಎಲೆಗಳನ್ನು ಹಿಡಿದು ಆಡುವವಳು ಅವಳು. ತಿಂಗಳುಗಳಿಂದ ಸೋಲೇ ಸೋಲು, ಆದರೂ ಬೆಳಗಿನ ಈ ಪಾರಾಯಣ ತಪ್ಪಿರಲಿಲ್ಲ.

“ಕ್ಲಬ್ಬಿನವರಿಗೆ ನೀವಂದ್ರೆ ಮಾವನ ಮನೆ. ನಿಮ್ಮ ಮುಖ ಸಪ್ಪಗಾದ ಕೂಡಲೇ ಮೇಲೆ ಬೀಳ್ತಾರೆ,” ಎಂದು ಹಂಗಿಸುತ್ತಲೇ, ಏನು ಬಂದರೂ ಮುಖ ಕದಲದಂತೆ ಕೂರುವುದನ್ನು ಅವಳೇ ಕಲಿಸಿದ್ದಳು. ಅವನೂ ಅವಳ ಗುಟ್ಟೊಂದನ್ನು ಕಲಿತಿದ್ದ: ಕೈಯಲ್ಲಿ ಒಳ್ಳೆಯ ಎಲೆ ಇಲ್ಲದೆ ಬರೀ ಹೆದರಿಸಲು ಪಣ ಏರಿಸುವಾಗ ಅವಳ ಹೆಬ್ಬೆರಳು ಎಲೆಯ ಅಂಚನ್ನು ಸವರುತ್ತಿತ್ತು.

“ನನ್ನ ಕೈಲಿ ಇನ್ನಾಗಲ್ಲ. ಮಧ್ಯಾಹ್ನದ ಬಸ್ಸಿಗೆ ಅಣ್ಣನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ,” ಎಂದಳು ಅವಳು, ಎಲೆಗಳನ್ನು ಕೈಯಲ್ಲಿ ಹಿಡಿದೇ.

ಅವನ ಕಣ್ಣು ತಾನಾಗಿ ಅವಳ ಹೆಬ್ಬೆರಳಿಗೆ ಹೋಯಿತು. ಅದು ಅಲ್ಲಾಡಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಾ ಕೂತಳು. ಹುಬ್ಬು ಗಂಟಾಗಲಿ, ತುಟಿ ನಡುಗಲಿ, ಏನಾದರೂ ಒಂದು ಕಂಡರೆ ಸಾಕು ಎನ್ನುವಂತೆ ಕಾದಳು. ‘ಹೋಗಬೇಡ’ ಎನ್ನಬೇಕೆಂದುಕೊಂಡ ಅವನು. ಮುಖ ಮಾತ್ರ ಕಲಿತ ಪಾಠ ಮರೆಯಲಿಲ್ಲ.

“ಸರಿ,” ಎಂದ.

“ಅಂತೂ ಕಲಿತ್ರಲ್ಲ,” ಎಂದು ಅವಳು ಸಣ್ಣಗೆ ನಕ್ಕಳು. ತನ್ನ ಕೈಯ ಎಲೆಗಳನ್ನು ಬೋರಲು ಹಾಕಿ ಎದ್ದಳು.