ಸಮುದ್ರಕ್ಕೆ ಬಿದ್ದ ಒಂದೂವರೆ ಗಂಟೆ

“ವಿಮಾನ ಇಳಿಯೋದು ಒಂಬತ್ತಕ್ಕೇ ಅಲ್ವೇನೇ?” ಜೀಪಿನ ಮುಂದಿನ ಸೀಟಿನಲ್ಲಿ ಕೂತ ಅತ್ತೆ ಮೂರನೇ ಸಲ ಕೇಳಿದಳು.

“ಕಾಗದದಲ್ಲಿ ಏಳೂವರೆ ಅಂತಿದೆ ಉಮ್ಮ. ಶಾರ್ಜಾದ ಹೊತ್ತಿಗೆ ಒಂದೂವರೆ ಗಂಟೆ ಕೂಡಿಸ್ಬೇಕಲ್ಲ,” ಎಂದಳು ಅಂಗಳದಲ್ಲಿ ನಿಂತಿದ್ದ ಸೊಸೆ ರುಖಿಯ.

“ಅಷ್ಟೂ ಗೊತ್ತಿಲ್ವಾ ಉಮ್ಮ? ಊರಿಗೆಲ್ಲ ಗೊತ್ತಿರೋ ವಿಷ್ಯ,” ಮೈದುನ ಅಲವಿ ಮಹಾ ಪಂಡಿತನಂತೆ ಹೇಳಿ ಹಿಂದೆ ಹತ್ತಿಕೊಂಡ. ಹನ್ನೊಂದು ಜನರನ್ನು ತುಂಬಿಕೊಂಡು ಜೀಪು ಕರಿಪ್ಪೂರು ವಿಮಾನ ನಿಲ್ದಾಣದ ದಾರಿ ಹಿಡಿಯಿತು. ಮನೆಗೆ ಫೋನಿರಲಿಲ್ಲ, ಗಂಡನ ಕಾಗದ ಓದಿ ಹೊತ್ತು ಹೇಳುವುದು ಪ್ರತಿ ಸಲವೂ ರುಖಿಯಳ ಕೆಲಸ. ಆದರೆ ಜೀಪಿನಲ್ಲಿ ಅವಳಿಗೆ ಜಾಗವಿಲ್ಲ. ಅಕ್ಕಿಹಿಟ್ಟಿನ ಪತ್ತಿರಿ ಲಟ್ಟಿಸಲು ಒಬ್ಬರು ಮನೆಯಲ್ಲಿರಲೇಬೇಕಲ್ಲ!

ಒಂಬತ್ತು ವರ್ಷದಲ್ಲಿ ಗಂಡ ಹಂಸ ಶಾರ್ಜಾದಿಂದ ನಾಲ್ಕು ಸಲ ರಜೆಗೆ ಬಂದಿದ್ದ. ನಾಲ್ಕು ಸಲವೂ ಅವಳು ಅವನ ಮುಖ ಕಂಡದ್ದು ಅಡುಗೆಮನೆಯ ಬಾಗಿಲಿನಿಂದ, ನೆಂಟರ ಭುಜಗಳ ಸಂದಿಯಲ್ಲಿ. ಒಬ್ಬರಿಗೆ ಅತ್ತರು, ಒಬ್ಬರಿಗೆ ಟಾರ್ಚು, ಇನ್ನೊಬ್ಬರಿಗೆ ಮಗನ ವೀಸಾದ ಚಿಂತೆ. ‘ಹೇಗಿದ್ದೀಯ’ ಎಂಬ ಮಾತು ಅವಳವರೆಗೆ ಬರುವಷ್ಟರಲ್ಲಿ ಆರಿ ತಣ್ಣಗಾಗಿರುತ್ತಿತ್ತು. ಅವನು ಬಂದ ಗಳಿಗೆಯಲ್ಲಿ ಒಮ್ಮೆ, ಒಂದೇ ಒಂದು ಸಲ, ಅವನ ಎದುರು ತಾನೊಬ್ಬಳೇ ಇರಬೇಕು ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಒಲೆಯ ಮುಂದೆ ಕೂತವಳಿಗೆ ಸಮುದ್ರ ನೆನಪಾಯಿತು. ಕಲ್ಲಿಕೋಟೆಗೂ ಶಾರ್ಜಾಕ್ಕೂ ನಡುವೆ ಎರಡೂವರೆ ಸಾವಿರ ಚಿಲ್ಲರೆ ಕಿಲೋಮೀಟರು. ಹೋದರೂ ಅಷ್ಟೇ, ಬಂದರೂ ಅಷ್ಟೇ. ಆದರೆ ಟಿಕೆಟಿನ ಪ್ರಕಾರ ಹೋಗಲು ಎರಡೂವರೆ ಗಂಟೆ, ಬರಲು ಐದೂವರೆ! ಹೋದ ರಜೆಯಲ್ಲಿ ಹಂಸ ಅವಳ ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆದು ಹೇಳಿದ್ದ: “ಹಾರೋದು ನಾಲ್ಕೇ ಗಂಟೆ ಕಣೇ. ಬರುವಾಗ ಒಂದೂವರೆ ಗಂಟೆ ದಾರೀಲಿ ಕಳೆದುಹೋಗುತ್ತೆ.” ಆ ಬೆರಳಿನ ಕಚಗುಳಿ ಇನ್ನೂ ಅಂಗೈಯಲ್ಲಿತ್ತು. ಕಳೆದುಹೋದ ಆ ಹೊತ್ತು ಎಲ್ಲಿ ಬೀಳುತ್ತದೋ? ಬೆಸ್ತರ ಬಲೆಗೂ ಸಿಗದೆ, ಯಾರ ಬದುಕಿಗೂ ಸೇರದೆ, ಬೆಳ್ಳಗೆ ಹೊಳೆಯುತ್ತ ಅಲೆಗಳ ಮೇಲೆ ತೇಲುತ್ತಿರಬಹುದು. ಹಿಟ್ಟಿನ ಕೈಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಅವಳು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಮುಖ ತೊಳೆದು, ಕಣ್ಣಿಗೆ ಸುರುಮ ಹಚ್ಚಿಕೊಂಡಳು.

ಒಂಬತ್ತೂಕಾಲಿಗೆ ಅಂಗಳದಲ್ಲಿ ಟ್ಯಾಕ್ಸಿಯೊಂದು ಬಂದು ನಿಂತಿತು. ಹಂಸ ಪೆಟ್ಟಿಗೆ ಇಳಿಸಿಕೊಂಡು, ಬೆವರು ಒರೆಸುತ್ತ ಒಳಗೆ ಬಂದ.

“ಎಲ್ಲಿ ಹಾಳಾಗಿ ಹೋದ್ರು ಎಲ್ಲರೂ? ಅಲ್ಲಿ ಒಂದು ನರಪಿಳ್ಳೆ ಇಲ್ಲ! ಏಳೂವರೆ ಅಂತ ಬರೆದಿದ್ದೆ ತಾನೆ?”

“ಒಂದೂವರೆ ಕೂಡಿಸ್ಕೊಂಡು ಹೋದ್ರು.”

“ಅಯ್ಯೋ, ಟಿಕೆಟಿನಲ್ಲಿ ಇಳಿಯೋ ಹೊತ್ತು ಇಳಿಯೋ ಊರಿಂದೇ ಇರುತ್ತೆ! ಅದಕ್ಕೆ ಕೂಡಿಸೋದೇನು ಬಂತು? ಅವರಿಗೆ ಗೊತ್ತಿಲ್ಲ, ಸರಿ. ನಿನಗೆ ನಾನೇ ಹೇಳಿಕೊಟ್ಟಿದ್ದೆ. ನಾಲ್ಕು ಸಲ ಸರಿಯಾಗಿ ಹೇಳಿದವಳು ಈ ಸಲ ಹೇಗೆ…”

ಹಂಸ ಅಡುಗೆಮನೆಯೊಳಗೆ ಇಣುಕಿದ. ಒಲೆಯ ಪಕ್ಕದಲ್ಲಿ ಎರಡು ಮಣೆ, ಎರಡು ತಟ್ಟೆ. ಎರಡು ಲೋಟ ಸುಲೈಮಾನಿ ಚಹಾದಿಂದ ಹಬೆ ಏಳುತ್ತಿತ್ತು.

“ಅವರು ಬರೋಕೆ ಇನ್ನೂ ಒಂದೂವರೆ ಗಂಟೆ ಇದೆ,” ಎಂದಳು ರುಖಿಯ, ಮೊದಲ ಸಲ ಅವನನ್ನು ಕಣ್ತುಂಬ ನೋಡುತ್ತ. “ಪ್ರತಿ ಸಲ ನೀವು ಅದನ್ನ ಸಮುದ್ರಕ್ಕೆ ಬೀಳಿಸಿಕೊಂಡು ಬರ್ತಿದ್ರಲ್ಲ, ಈ ಸಲ ನಾನು ಹೆಕ್ಕಿಟ್ಟೆ. ಕೂತ್ಕೊಳ್ಳಿ.”