ಬಿಸಿಲಿನ ಪಟ್ಟಿ

ನೆಲದಡಿಯ ನಮ್ಮ ಊರಿಗೆ ದಿನಕ್ಕೆ ಒಂದು ಗಂಟೆ ಬಿಸಿಲು. ಮೇಲಿನ ಕನ್ನಡಿಗಳಿಂದ ಇಳಿದು ಅದು ಬೀಳುವುದು ನಮ್ಮ ವಸತಿ ಶಾಲೆಯ ಅಂಗಳಕ್ಕೆ ಮಾತ್ರ. ಅಲ್ಲಿ ಏನೇನು ಒಣಗಬೇಕೆಂಬ ಪಟ್ಟಿಯನ್ನು ಹೆಡ್‌ಮಾಸ್ಟರು ಗೋಡೆಗೆ ಅಂಟಿಸಿದ್ದಾರೆ: ಅಡುಗೆಮನೆಯ ಹಪ್ಪಳ, ಕಬಡ್ಡಿ ತಂಡದ ಬನಿಯನ್‌ಗಳು, ಅವರದೇ ಪಂಚೆ.

ಏಳನೇ ತರಗತಿಯ ಹುಡುಗಿಯರಿಗೆ ನಾನು ಮುಟ್ಟಿನ ಪಾಠ ಮಾಡುತ್ತಿದ್ದೆ. "ಬಟ್ಟೇನ ಸೋಪು ಹಾಕಿ ಒಗೀರಿ, ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ" ಎಂದೆ.

ನಾಗವೇಣಿ ಎದ್ದು ನಿಂತಳು. "ಯಾವ ಬಿಸಿಲಲ್ಲಿ ಮಿಸ್? ಪಟ್ಟೀಲಿ ನಮ್ ಬಟ್ಟೆ ಇಲ್ವಲ್ಲ."

ಅವಳ ಪಕ್ಕದ ಹೊನ್ನಮ್ಮನ ಜಾಗ ಖಾಲಿಯಿತ್ತು. ಹುಡುಗಿಯರು ಬಟ್ಟೆ ಒಣಹಾಕುವುದು ಉಗ್ರಾಣದ ಹಿಂದಿನ ಕತ್ತಲೆ ಮೂಲೆಯಲ್ಲಿ. ಅಲ್ಲಿ ಅರೆಬರೆ ಒಣಗಿದ್ದನ್ನೇ ಬಳಸಿ, ಸೋಂಕು ತಗಲಿ, ಹೊನ್ನಮ್ಮ ಆಸ್ಪತ್ರೆ ಸೇರಿ ಒಂಬತ್ತು ದಿನವಾಗಿತ್ತು.

ನನಗೆ ಮೈಯೆಲ್ಲ ಉರಿಯಿತು. ಪುಸ್ತಕ ಮುಚ್ಚಿ ನೇರ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಹುಡುಗಿಯರ ಬಟ್ಟೆಯನ್ನೂ ಪಟ್ಟಿಗೆ ಸೇರಿಸಿ ಎಂದೆ.

"ಅದನ್ನೆಲ್ಲ ನಾಲ್ಕು ಜನರ ಎದುರಿಗೆ ಹರಡ್ತಾರೇನ್ರೀ? ನಿಮಗೆ ಪಾಠ ಮಾಡಿ ಅಂದಿದ್ದು, ಒಣಗಿಸಿ ಅಂತಲ್ಲ. ಆ ಮೂಲೇಲಿ ಗಾಳಿ ಆಡುತ್ತೆ, ಒಣಗುತ್ತೆ ಬಿಡಿ."

ಬಿಸಿಲಿನ ಗಂಟೆ ಹೊಡೆಯಿತು. ಅಂಗಳದ ಹಗ್ಗದ ಮೇಲಿದ್ದ ಅವರ ಒದ್ದೆ ಪಂಚೆಯನ್ನು ಕಿತ್ತೆಳೆದು, ಮುದ್ದೆ ಮಾಡಿ, ಉಗ್ರಾಣದ ಹಿಂದಕ್ಕೆ ಎಸೆದು ಬಂದೆ. ಹುಡುಗಿಯರು ತಮ್ಮ ಬಟ್ಟೆಗಳನ್ನು ತಂದು ಹಗ್ಗದ ತುಂಬ ಹರವಿದರು.

ಹೆಡ್‌ಮಾಸ್ಟರು ಓಡಿಬಂದರು. "ನನ್ನ ಪಂಚೆ ಎಲ್ರೀ?"

"ಮೂಲೇಲಿದೆ ಸಾರ್. ಗಾಳಿ ಆಡುತ್ತೆ, ಒಣಗುತ್ತೆ ಬಿಡಿ. ನಾಳೆ ಅದನ್ನೇ ಉಟ್ಕೊಂಡು ಬನ್ನಿ."